ಸಂಗಮ ಕ್ಲಬ್ಬಿನ ಮೂರು ರಸೀದಿಗಳು

ಆ ಶುಕ್ರವಾರ ನಾನು ಜೆರಾಕ್ಸ್ ಅಂಗಡಿಯ ಶಟರ್ ಎತ್ತುತ್ತಿದ್ದೆ. ಇಸ್ಮಾಯಿಲ್‌ಸಾಬ್ ಬೈಕನ್ನು ರಸ್ತೆಗೆ ಅಡ್ಡವಾಗಿಯೇ ನಿಲ್ಲಿಸಿ ನೇರ ಕಸ್ತೂರೆಮ್ಮನ ಮೇಜಿನ ಬಳಿ ಬಂದರು. ಲಿಂಗಸುಗೂರಿನ ಸಂಗಮ ಫುಟ್‌ಬಾಲ್ ಕ್ಲಬ್ಬಿನ ಕೋಚ್ ಅವರು. ಮೈದಾನದಲ್ಲಿ ಅವರು ಕೂಗಿದರೆ ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು. ಅಂದು ಮಾತ್ರ ಪಿಸುಗುಟ್ಟಿದಂತೆ ಮಾತಾಡಿದರು.

"ಅವ್ವಾ, ಕ್ಲಬ್ ಮುಳುಗಾಕತ್ತೈತಿ. ನೀವೇ ಉಳಿಸಬೇಕು."

ಕಸ್ತೂರೆಮ್ಮ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಮೂವತ್ತು ವರ್ಷದಿಂದ ಊರಿನವರ ಅರ್ಜಿ ಬರೆಯುತ್ತಿದ್ದರು. ಕಾಗದ ಸುಳ್ಳು ಹೇಳಿದರೆ ಅವರಿಗೆ ವಾಸನೆ ಬರುತ್ತದೆ ಎಂಬುದು ಊರಿನ ಮಾತು. ಪೊಲೀಸರೂ ಒಮ್ಮೊಮ್ಮೆ ಅವರ ಕಟ್ಟೆಗೆ ಬಂದು ಚಹಾ ಕುಡಿದು ಹೋಗುತ್ತಿದ್ದುದು ಸುಮ್ಮನೆ ಅಲ್ಲ.

"ಕುಂದರ್ರಿ. ವಸೀಮಾ, ನೀರು ಕೊಡು," ಎಂದರು.

ಭಾನುವಾರ ಮಸ್ಕಿಯಲ್ಲಿ ಮೂರು ತಾಲೂಕಿನ ಲೀಗ್ ಫೈನಲ್. ಸಂಗಮದ ಎದುರು ಸಿಂಧನೂರಿನ ಕ್ಯಾನಲ್ ಇಲೆವೆನ್. ಆದರೆ ಸಂಗಮ ಮೂರು ವರ್ಷದಿಂದ ಮೈದಾನದ ತೆರಿಗೆ ಕಟ್ಟಿಲ್ಲ ಎಂದು ಪುರಸಭೆಯ ನೋಟಿಸು ಬಂದಿತ್ತು. ಬಾಕಿ ಒಂದು ಲಕ್ಷ ಎಂಬತ್ತು ಸಾವಿರ. ಕ್ಲಬ್ಬಿನ ಫೈಲಿನಲ್ಲಿ ಮೂರು ವರ್ಷದ ರಸೀದಿಗಳೂ ಇದ್ದವು. ಅವನ್ನು ನೋಡಿದ ಪುರಸಭೆಯ ಗುಮಾಸ್ತರು, ಮೂರೂ ನಕಲಿ ಎಂದು ಒಂದೇ ಮಾತಿನಲ್ಲಿ ಹೇಳಿದ್ದರು. ತೆರಿಗೆ ಬಾಕಿ ಉಳಿಸಿಕೊಂಡ ಅಥವಾ ದಿವಾಳಿಯಾದ ಕ್ಲಬ್ಬನ್ನು ಕೆಳಗಿನ ದರ್ಜೆಗೆ ತಳ್ಳುವುದು ಲೀಗಿನ ನಿಯಮ. ಸಮಿತಿ ಮರುದಿನವೇ ಮಸ್ಕಿಯಲ್ಲಿ ಸೇರುವುದಿತ್ತು.

"ಹುಡುಗರು ಪಗಾರದಾಗ ತಿಂಗಳಾ ತಿಂಗಳಾ ಕೊಟ್ಟ ರೊಕ್ಕ ಅದು," ಎಂದರು ಇಸ್ಮಾಯಿಲ್‌ಸಾಬ್. "ನಮ್ಮ ಗೋಲ್‌ಕೀಪರ್ ಹಟ್ಟಿ ಚಿನ್ನದ ಗಣ್ಯಾಗ ಶಿಫ್ಟ್ ಮುಗಿಸಿ ಸೀದಾ ಪ್ರಾಕ್ಟೀಸಿಗೆ ಬರ್ತಾನ. ಈಗ ಎಲ್ಲಾರೂ ಖಜಾಂಚಿ ಅಮೀನ್‌ಸಾಬ್ ತಿಂದಾರ ಅನ್ನಾಕತ್ತಾರ."

ನಾವು ಮೊದಲು ಅಮೀನ್‌ಸಾಬರ ಮನೆಗೆ ಹೋದೆವು. ಎಪ್ಪತ್ತು ದಾಟಿದ ದರ್ಜಿ, ಕಣ್ಣಿಗೆ ದಪ್ಪ ಕನ್ನಡಕ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು.

"ಮಷೀನು ಮಾರಿ ಕಟ್ಟತೀನಿ ಬೇಟಿ," ಎಂದು ನನ್ನ ಕಡೆ ತಿರುಗಿದರು. "ಮಸೀದ್ಯಾಗ ಮಂದಿ ಮುಖ ತಿರುವತಾರ. ತಡಕೊಳ್ಳಾಕ ಆಗವಲ್ದು."

"ಮಾಡದ ತಪ್ಪಿಗೆ ದಂಡ ಕಟ್ಟಿದ್ರ ತಪ್ಪು ಒಪ್ಪಿಕೊಂಡಂಗ," ಎಂದರು ಕಸ್ತೂರೆಮ್ಮ. "ರೊಕ್ಕ ಯಾರ ಕೈಯಾಗ ಕೊಟ್ರಿ?"

"ಪ್ರತಿ ವರ್ಷ ಅಧ್ಯಕ್ಷ ಸಿದ್ದಲಿಂಗೇಶ, ಕಾರ್ಯದರ್ಶಿ ಪರ್ವೇಜ್, ಇಬ್ಬರ ಮುಂದ ಮೇಜಿನ ಮ್ಯಾಲೆ ಇಡ್ತಿದ್ದೆ. ಕಟ್ಟತೀವಿ ಅನ್ನೋರು. ಯಾರು ಒಯ್ದರೋ ನಾ ಕೇಳಲಿಲ್ಲ. ನಂಬಿದ್ದೆ."

"ಫೈಲು?"

"ಹೋದ ವರ್ಷದ ಮಳ್ಯಾಗ ಆಫೀಸು ಸೋರಿ ಪೂರಾ ತೊಯ್ದಿತ್ತು. ಬಿಸಿಲಿಗೆ ಒಣಗಿಸಿ ಕಟ್ಟಿದೆ. ಕಣ್ಣು ಮಂಜು ಆಗಿತ್ತು, ಅವತ್ತೇ ಬೀರುವಿನ ಇದ್ದ ಎರಡೂ ಕೀಲಿ ಅವರಿಬ್ಬರಿಗೆ ಒಂದೊಂದು ಕೊಟ್ಟೆ. ಆಮ್ಯಾಲೆ ಫೈಲು ಮುಟ್ಟಿಲ್ಲ."

ಕಸ್ತೂರೆಮ್ಮ ಅದನ್ನು ಎರಡು ಸಲ ಹೇಳಿಸಿದರು.

ಕ್ಲಬ್ಬಿನ ಕೋಣೆಯಲ್ಲಿ ಸಿದ್ದಲಿಂಗೇಶ ಮತ್ತು ಪರ್ವೇಜ್ ಇಬ್ಬರೂ ಇದ್ದರು. ಸಿದ್ದಲಿಂಗೇಶನದು ಸಿಮೆಂಟ್ ಅಂಗಡಿ, ಪರ್ವೇಜನದು ಮೊಬೈಲ್ ಅಂಗಡಿ. ರೊಕ್ಕ ಒಯ್ದವನು ಅವನು ಎಂದು ಇವನು, ಇವನು ಎಂದು ಅವನು. ಕೊನೆಗೆ ಇಬ್ಬರೂ ಅಮೀನ್‌ಸಾಬರೇ ಕಟ್ಟಿರಬೇಕೆಂದು ಒಂದಾದರು.

ಕಸ್ತೂರೆಮ್ಮ ಫೈಲು ಬಿಚ್ಚಿದರು. ಹಳೆಯ ಕಾಗದಗಳ ಕೆಳಮೂಲೆಯಲ್ಲೆಲ್ಲ ನೀರು ಒಣಗಿದ ಕಂದು ಗೆರೆ. ನಡುವೆ ಪೋಣಿಸಿದ್ದ, ಆ ಮಳೆಗಿಂತ ಹಿಂದಿನ ತಾರೀಖಿನ ಮೂರು ರಸೀದಿಗಳು ಮಾತ್ರ ಅಚ್ಚ ಬಿಳಿ. ಟ್ಯಾಗಿಗೆ ಉಳಿದ ಕಾಗದಗಳಲ್ಲಿ ಎರಡು ತೂತು, ಇವುಗಳಲ್ಲಿ ಒಂದೇ. ಅವರು ಫೈಲನ್ನು ನನ್ನ ಕೈಗಿಟ್ಟರು.

"ಬಣ್ಣದ ಜೆರಾಕ್ಸ್ ತೆಗಿ. ತಾರೀಖು, ಟೈಮು ಬರೆದು ನಿನ್ನ ಸಹಿ ಹಾಕು."

ನಾನು ಅಂಗಡಿಗೆ ಹೋಗಿ ಪ್ರತಿ ತೆಗೆದು ಬಂದು ಫೈಲು ಮರಳಿಸಿದೆ. ಹೊರಡುವಾಗ ಅವರು ಪರ್ವೇಜನನ್ನು ಬೇವಿನ ಮರದ ಕೆಳಗೆ ಕರೆದರು. "ಆ ರಸೀದಿಗೆ ತೂತು ಒಂದೇ ಐತಿ, ಉಳಿದವಕ್ಕ ಎರಡು. ನಾಳೆ ಸಮಿತಿಗೆ ಅದನ್ನೇ ತೋರಸ್ತೀನಿ. ಯಾರಿಗೂ ಅನಬ್ಯಾಡ." ಆಮೇಲೆ ಸಿದ್ದಲಿಂಗೇಶನ ಕಾರಿನ ಬಳಿ ನಿಂತು, "ಹಳೇ ಕಾಗದಕ್ಕೆಲ್ಲ ನೀರಿನ ಕಲೆ ಐತಿ, ರಸೀದಿಗಿಲ್ಲ. ನಾಳೆ ಸಮಿತಿಗೆ ಅದನ್ನೇ ತೋರಸ್ತೀನಿ. ನಿಮ್ಮ ಹೊಟ್ಟ್ಯಾಗ ಇರಲಿ," ಎಂದರು.

"ಇಬ್ಬರಿಗೂ ಬ್ಯಾರೆ ಬ್ಯಾರೆ ಯಾಕ ಹೇಳಿದ್ರಿ?" ಎಂದು ದಾರಿಯಲ್ಲಿ ಕೇಳಿದೆ.

"ನಾಳೆ ಮಸ್ಕ್ಯಾಗ ಗೊತ್ತಾಗ್ತೈತಿ," ಎಂದಷ್ಟೇ ಹೇಳಿ ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಸರಿಯಾಗಿ ಕೂತರು.

ಮಸ್ಕಿಯ ಸಭೆಯಲ್ಲಿ ಲೀಗಿನ ಅಧ್ಯಕ್ಷೆ ಶಿವಕುಮಾರಿ ಮೇಡಂ ನಡುವೆ ಕೂತಿದ್ದರು. ನಿವೃತ್ತ ಆಟದ ಶಿಕ್ಷಕಿ, ಮಾತು ಕಡಿಮೆ. ಒಂದು ಬದಿಗೆ ಸಿಂಧನೂರಿನ ಕ್ಯಾಪ್ಟನ್ ದಾನಿಷ್, ಇನ್ನೊಂದು ಬದಿಗೆ ಸಂಗಮದವರು. ಅಮೀನ್‌ಸಾಬ್ ಬಾಗಿಲ ಹತ್ತಿರದ ಕುರ್ಚಿಯಲ್ಲಿ ತಲೆ ತಗ್ಗಿಸಿದ್ದರು. ಫೈಲನ್ನು ಸಿದ್ದಲಿಂಗೇಶನೇ ತಂದು ಮೇಜಿನ ಮೇಲಿಟ್ಟ.

ಕಸ್ತೂರೆಮ್ಮ ಎದ್ದು ನಿಂತರು. "ಮೇಡಂ, ರಸೀದಿ ಮ್ಯಾಲೆ ಏನು ಕಾಣತೈತಿ?"

ಶಿವಕುಮಾರಿ ಮೇಡಂ ಕನ್ನಡಕ ಸರಿಪಡಿಸಿಕೊಂಡರು. "ಕೆಳಗ ಕಂದು ಕಲೆ. ತೂತು ಒಂದು."

"ಇದು ನಿನ್ನೆ ಹನ್ನೊಂದಕ್ಕೆ ವಸೀಮಾ ತೆಗೆದ ಪ್ರತಿ."

ನಾನು ಪ್ರತಿಗಳನ್ನು ಹರಡಿದೆ. ಬಿಳಿ ರಸೀದಿಗಳು, ಒಂದೂ ಕಲೆಯಿಲ್ಲ. ಸಭೆಯಲ್ಲಿ ಗುಜುಗುಜು ಎದ್ದಿತು.

"ರಸೀದಿ ಖರೇವು ಆಗಿದ್ರ, ಇಲ್ಲಾ ಅಮೀನ್‌ಸಾಬ್ ಫೈಲಿಗೆ ಹಚ್ಚಿದ್ದಾದ್ರ, ಹೋದ ವರ್ಷದ ಮಳ್ಯಾಗ ತೊಯ್ದಿರಬೇಕಿತ್ತು," ಎಂದರು ಕಸ್ತೂರೆಮ್ಮ. "ತೊಯ್ದಿರಲಿಲ್ಲ. ಅಂದ್ರ ಕೀಲಿ ಇವರ ಕೈ ಬಿಟ್ಟ ಮ್ಯಾಲೆ ಸೇರ್‍ಯಾವ. ಉಳಿದವರು ಇಬ್ಬರೇ. ಪರ್ವೇಜಗೆ ನಾ ತೂತಿನ ಮಾತು ಹೇಳಿದೆ, ಸಿದ್ದಲಿಂಗೇಶಗೆ ಕಲೆ ಮಾತು. ರಾತ್ರಿ ಕಳೆಯೋದ್ರಾಗ ತೂತು ಹೆಚ್ಚಾಗಲಿಲ್ಲ, ಕಲೆ ಬಂತು. ಮೂಸಿ ನೋಡ್ರಿ ಮೇಡಂ, ಚಹಾದ ವಾಸನೆ ಇನ್ನೂ ಹೋಗಿಲ್ಲ."

ಮೇಡಂ ರಸೀದಿಯನ್ನು ಮೂಗಿನ ಹತ್ತಿರ ಹಿಡಿದು ತಲೆದೂಗಿದರು.

"ಕ್ಲಬ್ ಉಳಿಸಾಕ ಮಾಡಿದೆ!" ಎಂದು ಸಿದ್ದಲಿಂಗೇಶ ಕುರ್ಚಿಯಿಂದ ಎದ್ದ.

"ರಸೀದಿ ನಕಲಿ ಅಂತ ಪುರಸಭೆ ಮೊದಲೇ ಹೇಳೈತಿ," ಎಂದರು ಕಸ್ತೂರೆಮ್ಮ. "ಕಲೆ ಹಚ್ಚಿದ್ರ ಕ್ಲಬ್ ಹೆಂಗ ಉಳಿತೈತಿ? ಅವು ಮಳೆಗಿಂತ ಮೊದಲಿನವು ಅನಿಸಿದ್ರ ಉಳಿಯೋನು ನೀನು, ಸಿಕ್ಕಿ ಬೀಳೋನು ಆಗ ಕೀಲಿ ಇಟ್ಟಿದ್ದ ಆ ಮುದುಕಪ್ಪ."

ಸಿದ್ದಲಿಂಗೇಶ ಮತ್ತೆ ಕೂತ. ಮೂರು ವರ್ಷದ ರೊಕ್ಕವನ್ನು ಅಂಗಡಿಗೆ ಹಾಕಿಕೊಂಡಿದ್ದನ್ನು ಐದು ನಿಮಿಷದಲ್ಲಿ ಒಪ್ಪಿಕೊಂಡ.

ಆಗ ದಾನಿಷ್ ಕೈ ಎತ್ತಿದ. "ಕಳ್ಳ ಸಿಕ್ಕ, ಸರಿ. ಆದರ ತೆರಿಗೆ ಕಟ್ಟಿಲ್ಲ ಅನ್ನೋದು ಖರೇನೇ ಅಲ್ರಿ? ನಾವು ತೆರಿಗೆ ಕಟ್ಟಾಕ ಹೋಗಿ ಈ ವರ್ಷ ಹೊಸ ಬೂಟು ಕೊಳ್ಳಲಿಲ್ಲ. ಕಟ್ಟದವರಿಗೆ ಶಿಕ್ಷಾ ಇಲ್ಲಂದ್ರ ಕಟ್ಟಿದವರು ಹುಚ್ಚರೇನು?"

"ಸರಿಯಾದ ಪ್ರಶ್ನೆ," ಎಂದರು ಕಸ್ತೂರೆಮ್ಮ. "ತೆರಿಗೆ ಉಳಿಸಿ ಆಟಗಾರರನ್ನ ಕೊಂಡ ಕ್ಲಬ್ ಇದ್ರ ಕೆಳಗ ತಳ್ರಿ, ನಾ ಬ್ಯಾಡ ಅನ್ನಲ್ಲ. ಇಲ್ಲಿ ಹುಡುಗರು ರೊಕ್ಕ ಕೊಟ್ಟಾರ, ಅದರಿಂದ ಬೂಟಿನ ಒಂದು ಲೇಸೂ ಅವರಿಗೆ ಬಂದಿಲ್ಲ. ಉಂಡವನ ಕೈ ತೊಳೆಸಬೇಕು, ಉಪವಾಸ ಇದ್ದವರದಲ್ಲ."

ಶಿವಕುಮಾರಿ ಮೇಡಂ ತೀರ್ಪು ಬರೆದು ಓದಿದರು. ಸಿದ್ದಲಿಂಗೇಶನಿಗೆ ಲೀಗಿನಿಂದ ಆಜೀವ ನಿಷೇಧ, ಜೊತೆಗೆ ಪೊಲೀಸ್ ದೂರು. ಬಾಕಿಯನ್ನು ಅವನು ದಂಡ ಸಮೇತ ಅದೇ ದಿನ ತುಂಬಬೇಕು. ಲೆಕ್ಕ ನೋಡದೆ ಕಣ್ಣು ಮುಚ್ಚಿದ್ದಕ್ಕೆ ಸಂಗಮಕ್ಕೆ ಮುಂದಿನ ವರ್ಷ ಮೂರು ಅಂಕ ಕಡಿತ. ಫೈನಲ್ ನಡೆಯುತ್ತದೆ.

"ಒಪ್ಪಿದೆವು!" ಇಸ್ಮಾಯಿಲ್‌ಸಾಬರ ದನಿ ಕಿಟಕಿಯ ಗಾಜನ್ನು ಅಲುಗಿಸಿತು.

ದಾನಿಷ್ ಬಂದು ಕೋಚ್ ಕೈ ಕುಲುಕಿದ. "ನಮಗೂ ಕಾಗದದ ಮ್ಯಾಲಿನ ಕಪ್ ಬ್ಯಾಡಾಗಿತ್ರಿ. ನಾಳೆ ಮೈದಾನದಾಗ ಕಸಕೋತೀವಿ."

ಕಪ್ ಕಸಿದುಕೊಳ್ಳಲು ಅವರು ಭಾನುವಾರ ಕೊನೆಯ ಕ್ಷಣದವರೆಗೂ ಕಾದಾಡಿದರು. ಎರಡು-ಒಂದರಲ್ಲಿ ಸಂಗಮ ಮುಂದಿದ್ದಾಗ ಸಿಂಧನೂರಿಗೆ ಪೆನಾಲ್ಟಿ ಸಿಕ್ಕಿತು. ಒದೆಯಲು ಬಂದವನು ದಾನಿಷ್. ಹಟ್ಟಿಯ ಗೋಲ್‌ಕೀಪರ್ ಎಡಕ್ಕೆ ಹಾರಿ ಚೆಂಡನ್ನು ಎದೆಗವಚಿಕೊಂಡೇ ಬಿದ್ದ. ಆಟ ಮುಗಿದ ಸೀಟಿ ಕೇಳಿತು. ಲಿಂಗಸುಗೂರಿನಿಂದ ಬಂದ ಟ್ರ್ಯಾಕ್ಟರುಗಳ ಹಾರ್ನ್ ಒಮ್ಮೆಲೇ ಮೊಳಗಿತು.

ಕಪ್ ಕೈಗೆ ಬಂದೊಡನೆ ಸಂಗಮದ ಕ್ಯಾಪ್ಟನ್ ಅದನ್ನು ಹಿಡಿದುಕೊಂಡು ಜನರ ನಡುವೆ ಓಡಿದ. ಅಮೀನ್‌ಸಾಬ್ ಬೇಡವೆಂದು ಕೈ ಆಡಿಸುತ್ತಿದ್ದಂತೆಯೇ ಹುಡುಗರು ಅವರನ್ನು ಹೆಗಲಿಗೇರಿಸಿದರು. ಕನ್ನಡಕ ಜಾರಿತು, ನಾನು ಹಿಡಿದುಕೊಂಡೆ. ಮಸೀದಿಯಲ್ಲಿ ಮುಖ ತಿರುಗಿಸಿದ್ದವರೇ ಮುಂದೆ ಬಂದು ಅವರ ಕಾಲಿಗೆ ಭುಜ ಕೊಟ್ಟಿದ್ದರು. ಮುದುಕ ಎರಡೂ ಕೈಯಲ್ಲಿ ಕಪ್ ಎತ್ತಿದಾಗ ಸಿಂಧನೂರಿನವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.