ಮಲ್ಲಿಯ ಕೊರಳಿನ ಹಸಿರು

ಗೂಡಿನ ಬಾಗಿಲು ತೆಗೆದ ಆಶಾರಾಣಿಯ ಕೈ ಅಲ್ಲೇ ನಿಂತಿತು.

ಮೂಲೆಯಲ್ಲಿ ಮುದುರಿ ಕೂತಿದ್ದ ಬಿಳಿ ಮೊಲ ಮಲ್ಲಿಯ ಗದ್ದದ ಕೆಳಗೆ ತುಪ್ಪಳವೆಲ್ಲ ಹಸಿರಾಗಿತ್ತು. ಹುಲ್ಲಿನ ಕಲೆಯ ಹಸಿರಲ್ಲ — ನೀಲಿ ಬೆರೆತ, ಬಣ್ಣದಲ್ಲಿ ಅದ್ದಿ ತೆಗೆದಂಥ ಹಸಿರು. ಎತ್ತಿಕೊಂಡು ಬೆರಳಿಂದ ಸರಿಸಿದರೆ ಒಂದು ಹಿಡಿ ಕೂದಲು ಬೆರಳಿಗೇ ಬಂತು. ಕೆಳಗೆ ಚರ್ಮ ಸುಟ್ಟ ಗಾಯದ ಹಾಗೆ ಕೆಂಪಗೆ, ಹಸಿಹಸಿ.

"ರೀ, ಬರ್ರಿ ಇಲ್ಲಿ. ಯಾರೋ ಏನೋ ಹಾಕ್ಯಾರೆ ಇದಕ್ಕೆ."

ಗಂಡ ಕೊಟ್ಟೂರೇಶ್ ಬಂದು ನೋಡಿದ. ಆಮೇಲೆ ತಲೆಯೆತ್ತಿ ಕಾಂಪೌಂಡಿನ ಆಚೆ ನೋಡಿದ. ಪಕ್ಕದ ಮನೆಯ ವಾಮದೇವಪ್ಪ ಮೇಷ್ಟ್ರ ಗುಲಾಬಿ ಗಿಡಗಳ ಸಾಲು. ಅದರ ಬುಡದಲ್ಲೊಂದು ಬಕೆಟ್. ಬಕೆಟ್ಟಿನ ಒಳಮೈಗೆ ಅಂಟಿಕೊಂಡಿದ್ದ ಕಲೆ — ಅದೇ ನೀಲಿ, ಅದೇ ಹಸಿರು.

"ಮೈಲುತುತ್ತ," ಎಂದ ಕೊಟ್ಟೂರೇಶ್. "ಗಿಡಕ್ಕೆ ಹೊಡೆಯೋದನ್ನ ಇದರ ಮೇಲೆ ಹೊಡೆದಾರೆ."

ಕಾರಣಕ್ಕೂ ಕೊರತೆಯಿರಲಿಲ್ಲ. ಹಿಂದೊಮ್ಮೆ ಮಲ್ಲಿ, ಅದರ ಜೊತೆಯ ಗಂಡು ಮೊಲ ಗುಂಡ, ಎರಡೂ ತಪ್ಪಿಸಿಕೊಂಡು ಹೋಗಿ ಮೇಷ್ಟ್ರ ಮೊಗ್ಗುಗಳನ್ನೆಲ್ಲ ತಿಂದು ಬಂದಿದ್ದವು. "ಇನ್ನೊಂದ್ಸಲ ಬಂದ್ರೆ ನಾನು ಸುಮ್ಮನಿರಲ್ಲ," ಎಂದು ಅವರು ಹೇಳಿದ್ದು ದೇವರಾಜ ಅರಸು ಬಡಾವಣೆಯ ಆ ಬೀದಿಗೆಲ್ಲ ಕೇಳಿತ್ತು.

ಕೊಟ್ಟೂರೇಶ್ ಗೋಡೆಯ ಹತ್ತಿರ ಹೋಗಿ ಕೂಗಾಡಿದ. ವಾಮದೇವಪ್ಪ ಹೊರಗೆ ಬಂದರು. ಆಶಾರಾಣಿಯ ಮಡಿಲಲ್ಲಿದ್ದ ಮೊಲವನ್ನು ನೋಡಿದರು, ತಮ್ಮ ಬಕೆಟ್ ನೋಡಿದರು. ಒಂದು ಮಾತೂ ಆಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ನೋಡಿದ್ಯಾ? ಬಾಯೇ ಬರ್ಲಿಲ್ಲ. ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡ್ತೀನಿ."

"ಮೊದಲು ಇದು ಬದುಕ್ಲಿ," ಎಂದಳು ಆಶಾರಾಣಿ. ತಾಯಿ ಬಿಟ್ಟ ಮರಿಯಾಗಿದ್ದ ಮಲ್ಲಿಗೆ ಇಂಕ್ ಫಿಲ್ಲರಿನಲ್ಲಿ ಹಾಲು ಕುಡಿಸಿ ಬೆಳೆಸಿದವಳು ಅವಳು. ಅವಳಿಗೆ ಈಗ ಸ್ಟೇಷನ್ ಬೇಕಿರಲಿಲ್ಲ.

ಮೊಲ ನೋಡುವ ಡಾಕ್ಟರು ಹರಿಹರದಲ್ಲಿದ್ದಾರೆಂದು ಯಾರೋ ಹೇಳಿದ್ದು ನೆನಪಿತ್ತು. ಬುಟ್ಟಿಯ ಮೇಲೆ ತೆಳು ಬಟ್ಟೆ ಹೊದಿಸಿ ಇಬ್ಬರೂ ಹೊರಟರು.

ಡಾಕ್ಟರ್ ಯಾಸ್ಮೀನ್ ನಲವತ್ತರ ಆಸುಪಾಸಿನ ಹೆಂಗಸು, ಗಡಿಬಿಡಿಯೇ ಇಲ್ಲದ ಕೈ. ಮಲ್ಲಿಯನ್ನು ಟವೆಲಿನಲ್ಲಿ ಸುತ್ತಿ ಎದೆಗೊರಗಿಸಿಕೊಂಡರು. ಹೊಸಬರಿಗೆ ಹೆದರುತ್ತಿದ್ದ ಮೊಲ ಅಲ್ಲಿ ತೆಪ್ಪಗೆ ಕೂತಿತು.

"ವಿಷ ಹಾಕ್ಯಾರೆ ಮೇಡಂ," ಎಂದ ಕೊಟ್ಟೂರೇಶ್.

"ಕೂಡ್ರಿ. ಬೆನ್ನಿನ ಮೇಲೆ ಬಣ್ಣ ಕಂಡಿತ್ತಾ?"

"ಇಲ್ಲ."

"ಕಿವಿ ಮೇಲೆ? ಕಣ್ಣಿನ ಸುತ್ತ?"

"ಇಲ್ಲ. ಬರೀ ಕೊರಳು."

"ಗೂಡಲ್ಲಿ ಇದೊಂದೇನಾ?"

"ಗುಂಡ ಅಂತ ಒಂದು ಗಂಡು ಐತ್ರಿ. ಅದು ಚೆನ್ನಾಗೈತೆ."

"ಎರಡೂ ಒಂದೇ ಗೂಡಲ್ಲಿ ಮಲಗ್ತಾವಾ?"

"ಒಂದರ ಮೇಲೊಂದು ಬಿದ್ದು ಮಲಗ್ತಾವೆ."

ಡಾಕ್ಟರು ಬಗ್ಗಿ ಕೊರಳಿನ ಹತ್ತಿರ ಮೂಗು ತಂದರು. ವಾಸನೆ ನೋಡಿದರು. ಬಾಯಿ ಅಗಲಿಸಿ ಹಲ್ಲು ನೋಡಿದರು. ಹಸಿ ಚರ್ಮಕ್ಕೆ ಗಾಜಿನ ಪಟ್ಟಿ ಒತ್ತಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಮೇಲೆ ಬಹಳ ಹೊತ್ತು ಕಣ್ಣಿಟ್ಟರು. ಏನು ಕಂಡಿತೆಂದು ಹೇಳಲಿಲ್ಲ.

"ಔಷಧ ಏನಾದ್ರೂ ಕೊಟ್ರಾ?"

ಕೊಟ್ಟೂರೇಶ್ ಜೇಬಿನಿಂದ ಕ್ಯಾಪ್ಸೂಲಿನ ಪಟ್ಟಿ ತೆಗೆದ. "ನಮಗೆ ಗಾಯ ಆದಾಗ ತಗೊಳ್ಳೋ ಅಮಾಕ್ಸಿಸಿಲಿನ್. ಇನ್ನೂ ಕೊಟ್ಟಿಲ್ಲ. ನೀರಲ್ಲಿ ಕಲಸಿ ಕುಡಿಸೋಣ ಅಂತ—"

ಡಾಕ್ಟರು ಕೈ ಚಾಚಿ ಪಟ್ಟಿ ಇಸಿದುಕೊಂಡರು. "ಬ್ಯಾಡ. ಇದನ್ನ ಬಾಯಲ್ಲಿ ಹಾಕಿದ್ರೆ ಮೊಲದ ಹೊಟ್ಟೆಯೊಳಗಿನ ಒಳ್ಳೆ ಜೀವಾಣುಗಳು ಸತ್ತು, ಕೆಟ್ಟವು ಮೇಲೇಳ್ತಾವೆ. ಗಾಯ ಮಾಡದ ಕೆಲಸಾನ ಈ ಮಾತ್ರೆ ಮಾಡಿಬಿಡ್ತಿತ್ತು."

ಕೊಟ್ಟೂರೇಶ್ ನೆಲ ನೋಡಿದ.

ಡಾಕ್ಟರು ಕತ್ತರಿಯಿಂದ ಹಸಿರು ತುಪ್ಪಳವನ್ನೆಲ್ಲ ಕತ್ತರಿಸಿ ಒಂದು ಡಬ್ಬಿಗೆ ಹಾಕಿದರು. ಗಾಯ ತೊಳೆದು, ಒತ್ತಿ ಒತ್ತಿ ಒಣಗಿಸಿ, ಮೊಲಕ್ಕೆ ಒಗ್ಗುವ ಇಂಜೆಕ್ಷನ್ ಕೊಟ್ಟರು. "ಸ್ನಾನ ಮಾಡಿಸ್ಬ್ಯಾಡ್ರಿ. ನೊಣ ಕೂಡ್ರದ ಹಾಗೆ ನೋಡ್ಕೊಳ್ರಿ. ಹಸಿ ಗಾಯದಲ್ಲಿ ಮೊಟ್ಟೆ ಇಟ್ರೆ ಹುಳ ಬೀಳ್ತಾವೆ."

"ಹಾಕಿದವರು ಯಾರು ಅಂತ?" ಕೊಟ್ಟೂರೇಶ್ ಕೇಳಿದ.

"ಸಂಜೆ ನಿಮ್ಮನೆಗೆ ಬರ್ತೀನಿ. ಗೂಡು ಇದ್ದ ಹಾಗೇ ಇರ್ಲಿ. ಏನೂ ತೊಳೀಬ್ಯಾಡ್ರಿ."

ಮಾತಿನಂತೆ ಬಂದರು. ಆದರೆ ಗೂಡಿನ ಕಡೆ ಹೋಗಲಿಲ್ಲ — ನೇರವಾಗಿ ವಾಮದೇವಪ್ಪನವರ ಗೇಟಿಗೆ ಹೋದರು. ಆಶಾರಾಣಿಗೆ ಮುಜುಗರವಾಯಿತು, ಆದರೂ ಹಿಂದೆಯೇ ಹೋದಳು. ಬಾಗಿಲು ತೆರೆದ ಮೇಷ್ಟ್ರ ಮುಖ ಬಾಡಿತ್ತು.

"ಸ್ವಲ್ಪ ಮೈಲುತುತ್ತ ಬೇಕಿತ್ತು ಸಾರ್. ಎರಡು ಗಾಜಿನ ಲೋಟ, ಒಂದು ನಿಂಬೆಹಣ್ಣು, ಹೊಳೆಯೋ ಎರಡು ಕಬ್ಬಿಣದ ಮೊಳೆ."

ಮೇಷ್ಟ್ರು ಎಲ್ಲವನ್ನೂ ತಂದು ಜಗುಲಿಯ ಮೇಲಿಟ್ಟರು. ಡಾಕ್ಟರು ಎರಡೂ ಲೋಟದ ನೀರಿಗೆ ನಿಂಬೆರಸ ಹಿಂಡಿದರು. ಒಂದಕ್ಕೆ ಮೈಲುತುತ್ತದ ಹರಳು ಹಾಕಿದರು. ಇನ್ನೊಂದಕ್ಕೆ ಡಬ್ಬಿಯಲ್ಲಿದ್ದ ಹಸಿರು ತುಪ್ಪಳವನ್ನೆಲ್ಲ ತುಂಬಿ ಕಲಕಿದರು. ಎರಡಕ್ಕೂ ಒಂದೊಂದು ಮೊಳೆ ಬಿಟ್ಟರು.

ನೋಡನೋಡುತ್ತಿದ್ದಂತೆ ಮೈಲುತುತ್ತದ ಲೋಟದ ಮೊಳೆಗೆ ಕೆಂಪು ಹತ್ತಿತು, ಹೊಸ ತಾಮ್ರದ ಚೊಂಬಿನ ಕೆಂಪು. ಇನ್ನೊಂದು ಮೊಳೆ ಬೆಳ್ಳಗೇ ಉಳಿಯಿತು. ಕಾದರು. ಆಗಲೂ ಬೆಳ್ಳಗೇ.

"ಮೈಲುತುತ್ತದಲ್ಲಿ ತಾಮ್ರ ಐತೆ, ಮೊಳೆಗೆ ಹತ್ತಿದ್ದು ಅದೇ. ತುಪ್ಪಳದಲ್ಲಿ ಆ ತಾಮ್ರ ಇಲ್ಲ," ಎಂದರು ಡಾಕ್ಟರು. "ಮಲ್ಲಿ ಮೇಲೆ ಯಾರೂ ಏನೂ ಹೊಡೆದಿಲ್ಲ."

"ಹಂಗಾದ್ರೆ ಆ ಹಸಿರು?" ಕೊಟ್ಟೂರೇಶನ ದನಿ ಇಳಿದಿತ್ತು.

"ಬರ್ರಿ, ತೋರಿಸ್ತೀನಿ. ಸಾರ್, ನೀವೂ ಬರ್ರಿ."

ನಾಲ್ವರೂ ಗೂಡಿನ ಮುಂದೆ ನಿಂತರು. ಒಳಗೊಂದು ಅಗಲವಾದ, ಆಳವಾದ ಮಣ್ಣಿನ ಬೋಗುಣಿ, ತುಂಬ ನೀರು. ಡಾಕ್ಟರು ಬೋಗುಣಿಯ ಒಳಗೋಡೆಗೆ ಬೆರಳು ತಾಗಿಸಿದರು. ಲೋಳೆ.

"ಇದು ಯಾವಾಗ ಬಂತು?"

"ಬೇಸಿಗೆ ಶುರುವಾದಾಗ," ಎಂದ ಕೊಟ್ಟೂರೇಶ್. "ಮೊದಲು ಕೊಳವೆ ಬಾಟ್ಲಿ ಇತ್ತು. ಬೋರಿನ ಗಡಸು ನೀರಿಗೆ ಕೊಳವೆ ಕಟ್ಟಿಕೊಳ್ತು. ಈ ಬಿಸಿಲಿಗೆ ಪಾಪ, ತಣ್ಣಗೆ ಕುಡೀಲಿ ಅಂತ ನಾನೇ ತಂದಿಟ್ಟೆ."

ಡಾಕ್ಟರು ಗುಂಡನನ್ನು ಎತ್ತಿ ಗದ್ದ ತೋರಿಸಿದರು. ನುಣುಪು. ಆಮೇಲೆ ಮಲ್ಲಿಯನ್ನು ತೋರಿಸಿದರು. ಹಸುವಿನ ಗಂಗೆದೊಗಲಿನ ಹಾಗೆ ಕೊರಳ ಕೆಳಗೆ ದಪ್ಪನೆಯ ಮಡಿಕೆ ಜೋತಿತ್ತು.

"ಹೆಣ್ಣು ಮೊಲಕ್ಕೆ ವಯಸ್ಸಿಗೆ ಬಂದಾಗ ಇದು ಬೆಳೀತೈತೆ. ಬೋಗುಣಿಗೆ ಬಗ್ಗಿದಾಗೆಲ್ಲ ಈ ಮಡಿಕೆ ನೀರಲ್ಲಿ ಮುಳುಗ್ತಿತ್ತು. ಒಣಗೋಕೆ ಮುಂಚೆ ಮತ್ತೆ ಮುಳುಗ್ತಿತ್ತು. ನೆನೆದ ಚರ್ಮ ಬಿರಿದು, ಸೂಡೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಮನೆ ಮಾಡ್ತು. ಆ ಹಸಿರು ಬಣ್ಣ ಅದೇ ತಯಾರಿಸಿದ್ದು. ಕೊಳೆತ ದ್ರಾಕ್ಷಿಯ ಹಾಗೆ ವಾಸನೆ ಬರ್ತೈತೆ, ಬೆಳಗ್ಗೆ ನಾನು ಮೂಗಿಟ್ಟಾಗ ಬಂದಿತ್ತು. ಜೊಲ್ಲಿನಿಂದಲೂ ಹಿಂಗೆ ಆಗಬಹುದು, ಅದಕ್ಕೇ ಬಾಯಿ ನೋಡಿದ್ದು. ಹಲ್ಲು ಸರಿಯಾಗೈತೆ. ಬಣ್ಣ ಎಲ್ಲೈತೆ ಅಂತ ಎಲ್ರೂ ನೋಡಿದ್ರಿ. ಎಲ್ಲಿಲ್ಲ ಅಂತ ಯಾರೂ ನೋಡ್ಲಿಲ್ಲ. ಗೋಡೆ ಮೇಲಿಂದ ಹೊಡೆದವರು ಬೆನ್ನು ಬಿಟ್ಟು ಗದ್ದದ ಕೆಳಗೆ ಮಾತ್ರ ಹೊಡೆಯೋದು ಹೆಂಗೆ?"

ಅಪರಾಧಿ ನೀರು ತುಂಬಿಕೊಂಡು ಅವರ ಕಾಲ ಬುಡದಲ್ಲೇ ಕೂತಿತ್ತು. ಕೊಟ್ಟೂರೇಶ್ ಬಗ್ಗಿ ಬೋಗುಣಿ ಎತ್ತಿ ಚೆಲ್ಲಿದ. ಮೇಷ್ಟ್ರ ಕಡೆ ತಿರುಗಿದ. "ತಪ್ಪಾಯ್ತು ಸಾರ್. ಮನಸ್ಸಿಗೆ ಬಂದಂಗೆ ಅಂದುಬಿಟ್ಟೆ."

ವಾಮದೇವಪ್ಪ ತಲೆಯಾಡಿಸಿದರು.

"ನೀವು ಅಂದಿದ್ದಕ್ಕೆ ಬೇಜಾರಿಲ್ರಿ. ಔಷಧ ಹೊಡೆದಾಗ ಗಾಳಿ ಜೋರಿತ್ತು. ಹನಿ ಈ ಕಡೆ ಹಾರಿ ಬಂದಿರಬೇಕು, ನನ್ನ ಕೈಯಿಂದಲೇ ಆಗೈತೆ ಅಂತ ಬೆಳಗ್ಗೆಯಿಂದ ಊಟ ಸೇರಿಲ್ಲ. ಅಲ್ಲ ಅನ್ನೋಕೂ ಬಾಯಿ ಬರ್ಲಿಲ್ಲ."

ಆಶಾರಾಣಿ ಒಳಗೆ ಹೋಗಿ ಅವರಿಗೆ ಊಟಕ್ಕೆ ತಟ್ಟೆ ಹಾಕಿದಳು.

ಡಾಕ್ಟರನ್ನು ಕಳಿಸಲು ಕಾರಿನವರೆಗೆ ಬಂದಾಗ ಒಂದು ಪ್ರಶ್ನೆ ಅವಳನ್ನು ಕೊರೆಯುತ್ತಿತ್ತು. "ಮೇಡಂ, ಹರಿಹರದಲ್ಲೇ ನಿಮಗೆ ಗೊತ್ತಾಗಿತ್ತು, ಅಲ್ವಾ?"

"ಕಾಯಿಲೆ ಗೊತ್ತಾಗಿತ್ತು. ನೀರಿನ ಪಾತ್ರೆಯೇ ಇರಬೇಕು ಅಂತಾನೂ ಅನಿಸಿತ್ತು."

"ಮತ್ತೆ ಆ ಮೊಳೆ, ಲೋಟ ಎಲ್ಲ ಯಾಕ? ಫೋನಲ್ಲಿ ಹೇಳಿದ್ರೆ ಸಾಕಿತ್ತಲ್ಲ."

ಯಾಸ್ಮೀನ್ ಕಾರಿನ ಬಾಗಿಲು ತೆಗೆದರು. "ಫೋನಲ್ಲಿ ಹೇಳಿದ್ರೆ ನೀವು ನಂಬ್ತಿದ್ರಿ. ನಿಮ್ಮ ಯಜಮಾನ್ರಿಗೆ ಮೇಷ್ಟ್ರ ಮೇಲೆ ಒಂಚೂರು ಅನುಮಾನ ಉಳೀತಿತ್ತು. ಮೊಲದ ಗಾಯ ವಾಸಿಯಾಗ್ತೈತೆ ಆಶಾರಾಣಿ. ಆ ಅನುಮಾನಕ್ಕೆ ನನ್ನ ಹತ್ರ ಇಂಜೆಕ್ಷನ್ ಇರ್ಲಿಲ್ಲ."