ನಲವತ್ತೊಂದು ಸೆಕೆಂಡಿನ ಧ್ವನಿ

ಶುಕ್ರವಾರದ ಜುಮಾ ನಮಾಜು ಮುಗಿದು ಕುಂಬ್ರ ಪೇಟೆಯಲ್ಲಿ ಜನ ಚದುರುತ್ತಿದ್ದ ಹೊತ್ತು. ನಿವೃತ್ತ ಪೋಸ್ಟ್‌ಮ್ಯಾನ್ ತ್ಯಾಂಪಣ್ಣ ಹೋಟೆಲಿನ ಬೆಂಚಿನಲ್ಲಿ ಚಹಾ ಮುಂದಿಟ್ಟುಕೊಂಡು ಕೂತಿದ್ದರು. ಪಕ್ಕದ ಮೇಜಿನವನ ಮೊಬೈಲಿನಿಂದ ಒಬ್ಬ ಹೆಂಗಸಿನ ಧ್ವನಿ ಹೊರಟಿತು. ಕರಾವಳಿಯ ಮುಸ್ಲಿಮರಾಡುವ ಬ್ಯಾರಿ ಭಾಷೆ. ಅದು ಮುಗಿಯುವ ಮೊದಲೇ ಆಚೆ ಮೇಜಿನಲ್ಲಿ ಅದೇ ಧ್ವನಿ ಶುರುವಾಯಿತು. ಗಲ್ಲಾಪೆಟ್ಟಿಗೆಯ ಹತ್ತಿರ ಮೂರನೆಯದು.

"ಮೂಸನನ್ನು ಕರೆಸು ಎಂದಿರಿ. ಎರಡು ಸಲ ಹೇಳಿದಿರಿ. ನಾನು ಕರೆಸಲಿಲ್ಲ. ನಿದ್ದೆಯಲ್ಲೇ ಹೋದರು, ಒಂದು ಮಾತೂ ಆಡಲಿಲ್ಲ ಅಂತ ಎಲ್ಲರ ಹತ್ತಿರ ಸುಳ್ಳು ಹೇಳಿದೆ..."

ತ್ಯಾಂಪಣ್ಣ ಲೋಟ ಕೆಳಗಿಟ್ಟರು. ಆ ಧ್ವನಿ ಅವರಿಗೆ ಚೆನ್ನಾಗಿ ಗೊತ್ತು. ಬೀಫಾತುಮ್ಮನದು.

ಬೀಫಾತುಮ್ಮನ ಗಂಡ ಅದ್ರಾಮ ಸೌದಿಯ ದಮ್ಮಾಮಿನಲ್ಲಿ ಇಪ್ಪತ್ತಾರು ವರ್ಷ ಅಡುಗೆ ಕೆಲಸ ಮಾಡಿದವರು. ಆಕೆಗೆ ಓದು ಬಾರದು. ಗಂಡನ ಕಾಗದ ಬಂದಾಗ ಜಗುಲಿಯಲ್ಲಿ ಕೂತು ಓದಿ ಹೇಳಿದ್ದು, ಆಕೆ ಹೇಳಿದ್ದನ್ನು ಬರೆದು ಕಳಿಸಿದ್ದು ಇದೇ ತ್ಯಾಂಪಣ್ಣ. ಆಮೇಲೆ ಕ್ಯಾಸೆಟ್ ಬಂತು, ಫೋನ್ ಬಂತು, ವಾಟ್ಸಾಪ್ ಬಂತು. ಅದ್ರಾಮ ಊರಿಗೆ ಮರಳಿ ಆರು ವರ್ಷ ಬದುಕಿದರು. ತೀರಿಕೊಂಡು ಎರಡು ವರ್ಷವಾಯಿತು. ಮೂಸ ಎಂದರೆ ಅವರ ತಮ್ಮ ಮೂಸಕುಂಞಿ. ಆಲಂಕಾರಿನಲ್ಲಿ ದಿನಸಿ ಅಂಗಡಿ. ಹದಿನಾರು ವರ್ಷದ ಹಿಂದೆ ತಾಯಿ ಸತ್ತಾಗ ಅದ್ರಾಮ ವಿಮಾನ ಹತ್ತಿ ಹೊರಟಿದ್ದರು. ಮೂಸಕುಂಞಿ ಕಾಯದೆ ದಫನ ಮಾಡಿಸಿದರು. ಅದ್ರಾಮ ಮುಟ್ಟಿದ್ದು ನಾಲ್ಕು ಗಂಟೆ ತಡವಾಗಿ. ಅಂದಿನಿಂದ ಅಣ್ಣ ತಮ್ಮ ಮಾತು ಬಿಟ್ಟಿದ್ದರು.

ತ್ಯಾಂಪಣ್ಣ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಮೂರನೆಯ ಮೊಬೈಲಿನಲ್ಲಿ ಅದು ಮುಗಿಯುವವರೆಗೂ ಕೂತು ಕೇಳಿದರು. ಅದಕ್ಕಾಗಿ ಆಮೇಲೆ ಅವರಿಗೆ ತಮ್ಮ ಮೇಲೆಯೇ ಬೇಸರವಾಯಿತು.

ಭಾನುವಾರದ ಹೊತ್ತಿಗೆ ಧ್ವನಿಯ ಹಿಂದೆ ಒಂದು ಫೋಟೋ ಬಂತು. ಕಂಡಕ್ಟರ್ ಅಂಗಿ ಹಾಕಿದ ಯುವಕ. ಕೆಳಗೆ ಬರಹ: 'ನಮ್ಮ ಉಮ್ಮನ ಮಾತು ಕದ್ದು ಹಂಚಿದವನು ಇವನೇ. ಎಲ್ಲರಿಗೂ ತಲುಪಿಸಿ.' ಹಾಕಿದ್ದು ಬೀಫಾತುಮ್ಮನ ಮಗ ಜಾಸಿರ್. ಸಂಜೆಯೊಳಗೆ ಆ ಮುಖ ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಸುತ್ತಿತ್ತು.

ಸೋಮವಾರ ಬೆಳಿಗ್ಗೆ ತ್ಯಾಂಪಣ್ಣನ ಮನೆಗೆ ಜಾಲ್ಸೂರಿನಿಂದ ತೀರ್ಥರಾಮ ಬಂದರು. ದೂರದ ಸಂಬಂಧದಲ್ಲಿ ಭಾವ. ಫೋಟೋದಲ್ಲಿದ್ದ ಹರಿಪ್ರಸಾದ್ ಅವರ ಮಗ.

ನಡೆದದ್ದನ್ನು ಅವರು ಹೇಳಿದರು. ಬೀಫಾತುಮ್ಮ ಗಂಡ ಸತ್ತ ಮೇಲೂ ಅವರ ನಂಬರಿಗೆ ದಿನಾ ಧ್ವನಿ ಕಳಿಸುತ್ತಿದ್ದರಂತೆ. ಬಳಕೆ ನಿಂತ ಆ ನಂಬರನ್ನು ಕಂಪೆನಿಯವರು ಬೇರೆಯವರಿಗೆ ಕೊಟ್ಟರು. ಜುಲೈಯಲ್ಲಿ ಹೊಸ ಸಿಮ್ ತೆಗೆದ ಹರಿಪ್ರಸಾದನಿಗೆ ಅದು ಬಂತು. ವಾಟ್ಸಾಪಿನಲ್ಲಿ ಅವನು ಹಾಕಿಕೊಂಡಿದ್ದ ಫೋಟೋವನ್ನೇ ಜಾಸಿರ್ ತೆಗೆದು ಹಂಚಿದ್ದ. ಬಸ್ಸಿನ ಧಣಿಗಳು ಈಗ ಸ್ವಲ್ಪ ದಿನ ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಹುಡುಗ ಅಂಗಳಕ್ಕೂ ಇಳಿಯುವುದಿಲ್ಲ.

"ಭಾವ, ಅವನು ಮಾಡಿದ್ದಾನೋ ಇಲ್ಲವೋ ನನಗೇ ಗೊತ್ತಿಲ್ಲ," ಎಂದರು ತೀರ್ಥರಾಮ. "ಆ ಮನೆಯವರಿಗೆ ನಿಮ್ಮ ಮೇಲೆ ನಂಬಿಕೆ ಉಂಟು. ನೋಡಿ ಹೇಳಿ. ಮಾಡಿದ್ರೆ ನಾನೇ ಕರ್ಕೊಂಡು ಹೋಗಿ ಕಾಲಿಗೆ ಬೀಳಿಸ್ತೇನೆ."

ತ್ಯಾಂಪಣ್ಣ ಅವರೊಂದಿಗೇ ಬಸ್ಸು ಹತ್ತಿ ಜಾಲ್ಸೂರಿಗೆ ಹೋದರು. ಹರಿಪ್ರಸಾದ್ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಕೇಳುವ ಮೊದಲೇ ಮೊಬೈಲ್ ಮುಂದೆ ಚಾಚಿದ.

"ಅದು ಇರ್ಲಿ," ಎಂದರು ತ್ಯಾಂಪಣ್ಣ. "ಆ ಅಜ್ಜಿ ಹೇಳ್ತಿದ್ದದ್ದು ನಿನಗೆ ಅರ್ಥ ಆಗ್ತಿತ್ತಾ?"

"ಅಲ್ಲೊಂದು ಇಲ್ಲೊಂದು. ಬಸ್ಸಲ್ಲಿ ಕೇಳಿ ಗೊತ್ತಾದಷ್ಟು. ಅಳ್ತಾ ಇದ್ದದ್ದು ಅರ್ಥ ಆಯ್ತು."

"ತಪ್ಪು ನಂಬರ್ ಅಂತ ಯಾಕೆ ಹೇಳ್ಲಿಲ್ಲ?"

"ಒಂದು ಸಲ ಬರೆದೆ. ಕಳಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ."

"ಬ್ಲಾಕ್ ಮಾಡ್ಬಹುದಿತ್ತಲ್ಲ?"

"ನಾನು ಕೇಳಿದ ಮೇಲೆ ಅವರಿಗೆ ನೀಲಿ ಟಿಕ್ ಬೀಳ್ತದೆ. ಬ್ಲಾಕ್ ಮಾಡಿದ್ರೆ ಅದು ನಿಲ್ತದೆ. ಹಾಗೆ ಬಿಟ್ಟೆ."

ಅವನ ಮೊಬೈಲಿನಲ್ಲಿ ಜುಲೈಯಿಂದ ಈಚೆಗಿನ ಧ್ವನಿಗಳಷ್ಟೇ ಇದ್ದವು. ಹಂಚಿಕೆಯಾದ ಮಾತು ಅದರಲ್ಲಿಲ್ಲ ಎಂದು ಆತ ಹೇಳಿದ. ಆದರೆ ಅದು ಸಾಕ್ಷಿಯಾಗದು. ಅಳಿಸಿ ಹಾಕಿದ್ದರೆ?

ಕುಂಬ್ರದ ಬೀಫಾತುಮ್ಮನ ಮನೆಯಲ್ಲಿ ಜಾಸಿರ್ ಕೇಳಿದ್ದೂ ಅದನ್ನೇ. ಪುತ್ತೂರಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆತ ನಾಲ್ಕು ದಿನದಿಂದ ಅಂಗಡಿ ತೆರೆದಿರಲಿಲ್ಲ. "ನೋಡಿ ತ್ಯಾಂಪಣ್ಣ," ಎನ್ನುತ್ತ ತಾಯಿಯ ಮೊಬೈಲ್ ತಂದು ತೋರಿಸಿದ. "ಒಂದೊಂದನ್ನೂ ಕೇಳಿದ್ದಾನೆ. ಎಲ್ಲ ನೀಲಿ. ಇನ್ನೆಂತ ಸಾಕ್ಷಿ ಬೇಕು?"

ಪರದೆ ತುಂಬ ನೀಲಿ ಟಿಕ್‌ಗಳು. ಅದಕ್ಕಿಂತ ಮೇಲಕ್ಕೆ ಜಾಸಿರ್ ಹೋಗಿರಲಿಲ್ಲ. ಉಮ್ಮ ಬಾಪನ ಹತ್ತಿರ ಆಡಿದ ಮಾತು ಕೇಳುವುದು ಹೇಗೆ ಎಂಬ ಸಂಕೋಚ.

ಬೀಫಾತುಮ್ಮ ಮಲಗಿಯೇ ಇದ್ದರು. ಸೊಸೆ ಜುವೈರಿಯಾ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದಳು. ಒಂದು ಚಮಚ ಕೊಟ್ಟು, ಕಾದು, ಬಾಯಿ ಒರೆಸಿ, ಮತ್ತೊಂದು. ತ್ಯಾಂಪಣ್ಣ ಅದನ್ನು ನೋಡುತ್ತ ಬಾಗಿಲಲ್ಲಿ ನಿಂತರು. ಮೊಮ್ಮಗಳು ಜುಮಾನಾ ಕಾಲೇಜಿಗೆ ರಜೆ ಹಾಕಿ ಮನೆಯಲ್ಲಿದ್ದಳು. ಅಜ್ಜಿಯ ಕಾಲು ಒತ್ತುತ್ತಿದ್ದವಳು ಇವರನ್ನು ಕಂಡು ಒಳಗೆ ಹೋದಳು.

"ಆ ಮಾತು ಯಾವಾಗ ಹೇಳಿದ್ದು, ಬೀಫಾತುಮ್ಮ?" ಬ್ಯಾರಿಯಲ್ಲೇ ಕೇಳಿದರು.

"ಈ ವರ್ಷದ ನೋಂಬಿನ ಮೊದಲ ದಿನ, ಪೋಸ್ಟಣ್ಣ. ಸಂಜೆ ಮಸೀದಿಯಲ್ಲಿ ಬಾಂಗ್ ಕೊಡುವ ಮೊದಲು."

ಎಂದರೆ ರಂಜಾನ್ ಉಪವಾಸ ಶುರುವಾದ ಮಾರ್ಚ್ ತಿಂಗಳು. ಈಗ ಡಿಸೆಂಬರ್.

"ನಾನು ಅದನ್ನು ಪೂರ್ತಿ ಕೇಳಬಹುದಾ?"

"ನಿಮ್ಮ ಹತ್ತಿರ ಮುಚ್ಚಿಡುವಂಥದ್ದು ಎಂತ ಉಂಟು?"

ತ್ಯಾಂಪಣ್ಣ ಜಗುಲಿಗೆ ಬಂದು ಕೂತು ಬೆರಳಿನಿಂದ ಮೇಲೆ ಮೇಲೆ ಸರಿಸಿದರು. ನವೆಂಬರ್, ಆಗಸ್ಟ್, ಮೇ. ಮಾರ್ಚಿನ ಆ ಧ್ವನಿ ಸಿಕ್ಕಿತು. ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಕೇಳಿದರು. ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು ಅದರ ಪಕ್ಕದ ಗುರುತನ್ನು ಮತ್ತೊಮ್ಮೆ ನೋಡಿದರು.

ಮರುದಿನ ಆಲಂಕಾರಿಗೆ ಹೋದರು. ಕುಟುಂಬದ ಗ್ರೂಪಿಗೆ ಅದನ್ನು ಮೊದಲು ಹಾಕಿದ್ದು ಮೂಸಕುಂಞಿಯ ಮಗ ಸುಹೈಬ್ ಎಂದು ಜಾಸಿರ್ ಹೇಳಿದ್ದ. ಸುಹೈಬ್ ಅಡಗಿಸಲಿಲ್ಲ. ತಂದೆ ಮೊಬೈಲ್ ಕಿವಿಗಿಟ್ಟು ಅಳುವುದನ್ನು ಕಂಡನಂತೆ. ಅವರು ನಮಾಜಿಗೆ ಹೋದಾಗ ತೆಗೆದು ಕೇಳಿದನಂತೆ. "ಎರಡು ವರ್ಷ ನನ್ನ ಬಾಪನನ್ನು ಸಂಕಟದಲ್ಲಿ ಬೇಯಿಸಿದ್ದಾರೆ. ಕುಟುಂಬಕ್ಕೆ ಗೊತ್ತಾಗಲಿ ಅಂತ ಹಾಕಿದೆ. ಕುಟುಂಬದಲ್ಲಿ ಇರುವುದು ತೊಂಬತ್ಮೂರು ಜನ. ಹೊರಗೆ ಹೋಗ್ತದೆ ಅಂತ ನನಗೆಂತ ಗೊತ್ತು?"

ಹಾಗಾದರೆ ತಂದೆಗೆ ಕಳಿಸಿದ್ದು ಯಾರು? ಮೂಸಕುಂಞಿ ಗಿರಾಕಿಗೆ ಸಕ್ಕರೆ ತೂಗುತ್ತಿದ್ದರು. ತೂಗುತ್ತಲೇ ಉತ್ತರ ಕೊಟ್ಟರು.

"ಗೊತ್ತಿಲ್ಲದ ನಂಬರು. ಅಳಿಸಿ ಹಾಕಿದೆ."

"ಆ ಕಂಡಕ್ಟರ್ ಹುಡುಗನ ನಂಬರಾ?"

"ಅವನಲ್ಲ. ಅವನ ಫೋಟೋ ಅಳಿಸಲಿಕ್ಕೆ ಜಾಸಿರಿಗೆ ಹೇಳಿ."

"ನಂಬರ್ ಯಾರದ್ದು ಅಂತ ಗೊತ್ತಿಲ್ಲ. ಅವನಲ್ಲ ಅಂತ ಗೊತ್ತುಂಟು. ಅದು ಹೇಗೆ?"

ಮೂಸಕುಂಞಿ ಪೊಟ್ಟಣಕ್ಕೆ ನೂಲು ಸುತ್ತಿದರು. ಬೇಕಾದ್ದಕ್ಕಿಂತ ಎರಡು ಸುತ್ತು ಹೆಚ್ಚಾಯಿತು.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲರೂ ಕುಂಬ್ರದ ಮನೆಯಲ್ಲಿ ಸೇರಬೇಕು ಎಂದು ತ್ಯಾಂಪಣ್ಣ ಕೇಳಿಕೊಂಡರು. ಮೂಸಕುಂಞಿ ಮಗನೊಂದಿಗೆ ಬಂದರು. ಅಣ್ಣನ ಮನೆಯ ಮೆಟ್ಟಿಲನ್ನು ಅವರು ಹದಿನಾರು ವರ್ಷಗಳಲ್ಲಿ ಹತ್ತಿದ್ದು ಅಣ್ಣ ತೀರಿಕೊಂಡ ಮಯ್ಯತ್ತಿನ ದಿನ ಮಾತ್ರ. ತೀರ್ಥರಾಮ ಮಗನನ್ನು ಕರೆತಂದು ಬಾಗಿಲ ಹತ್ತಿರ ನಿಂತರು. ಹರಿಪ್ರಸಾದನನ್ನು ಕಂಡು ಜಾಸಿರ್ ಮುಖ ತಿರುಗಿಸಿದ. ಬೀಫಾತುಮ್ಮ ಒಳಕೋಣೆಯಲ್ಲಿ ಮಂಚದ ಮೇಲೆ, ಬಾಗಿಲು ತೆರೆದೇ ಇತ್ತು.

ತ್ಯಾಂಪಣ್ಣ ಆಕೆಯ ಮೊಬೈಲನ್ನು ಮೇಜಿನ ಮೇಲಿಟ್ಟರು.

"ನನ್ನ ಕೆಲಸದ ಕಾಲದಲ್ಲಿ ರಿಜಿಸ್ಟರ್ ಟಪಾಲಿನ ಜೊತೆ ಒಂದು ಕಾರ್ಡು ಇರ್ತಿತ್ತು. ಟಪಾಲು ಸಿಕ್ಕಿದವರು ಸಹಿ ಹಾಕಿದ್ರೆ ಅದು ಕಳಿಸಿದವರಿಗೆ ವಾಪಸ್. ಸಹಿ ಇಲ್ಲ ಅಂದ್ರೆ ಮುಟ್ಟಲಿಲ್ಲ ಅಂತ ಲೆಕ್ಕ. ಜಾಸಿರ್, ಮಾರ್ಚಿನ ಆ ಮೆಸೇಜಿನ ಪಕ್ಕ ಎಷ್ಟು ಟಿಕ್ ಉಂಟು ನೋಡು."

ಜಾಸಿರ್ ಬಾಗಿ ನೋಡಿದ. "ಒಂದು."

"ಬಣ್ಣ?"

"ಬೂದು."

"ಎಂದ್ರೆ?"

"ಆಚೆ ಮುಟ್ಟಲಿಲ್ಲ." ಅವನ ಧ್ವನಿ ಇಳಿಯಿತು.

"ಆಗ ಆ ನಂಬರ್ ಯಾರ ಹತ್ತಿರವೂ ಇರ್ಲಿಲ್ಲ. ಈ ಹುಡುಗ ಸಿಮ್ ತೆಗೆದದ್ದು ಜುಲೈಯಲ್ಲಿ. ನೀವೆಲ್ಲ ಕೆಳಗಿನ ನೀಲಿ ನೋಡಿದಿರಿ. ಮೇಲಿನ ಬೂದು ನೋಡಲಿಲ್ಲ. ಅವನಿಗೆ ಮುಟ್ಟದ ಮಾತನ್ನು ಅವನು ಹಂಚುದು ಹೇಗೆ? ಆ ಧ್ವನಿ ಇದ್ದದ್ದು ಒಂದೇ ಕಡೆ — ಇದೇ ಮೊಬೈಲಿನಲ್ಲಿ."

ಹರಿಪ್ರಸಾದ್ ಬಾಗಿಲ ದಾರಂದ ಹಿಡಿದುಕೊಂಡ.

"ಇನ್ನೊಂದು ಉಂಟು. ಊರಲ್ಲಿ ತಿರುಗಿದ್ದು ನಲವತ್ತೊಂದು ಸೆಕೆಂಡು. ಇದರಲ್ಲಿರುವುದು ನಾಲ್ಕು ನಿಮಿಷ. ಯಾರೋ ಹಿಂದೆ ಮುಂದೆ ಕತ್ತರಿಸಿದ್ದಾರೆ. ಕತ್ತರಿಸಿ ತೆಗೆದದ್ದರಲ್ಲಿ ಮನೆಯ ಸಂಗತಿಗಳುಂಟು, ಒಬ್ಬರ ಮೇಲೆ ದೂರೂ ಉಂಟು. ಯಾರ ಮೇಲೆ ಅಂತ ನಾನು ಹೇಳುದಿಲ್ಲ. ಈ ಮನೆ ಒಡೆಯಬೇಕು ಅನ್ನುವವರು ಅದನ್ನೇ ಮೊದಲು ಕಳಿಸ್ತಿದ್ರು. ಇವರು ಉಳಿಸಿಕೊಂಡದ್ದು ಒಂದೇ ಮಾತು — ಅದ್ರಾಮ ತಮ್ಮನನ್ನು ಕೇಳಿದ್ರು ಅನ್ನುದು. ಕಳಿಸಿದ್ದೂ ಒಬ್ಬರಿಗೇ, ಆ ತಮ್ಮನಿಗೆ."

ಜುವೈರಿಯಾ ಅತ್ತೆಗೆ ಗಂಜಿ ಕುಡಿಸುತ್ತಿದ್ದ ರೀತಿ ತ್ಯಾಂಪಣ್ಣನ ಕಣ್ಣ ಮುಂದಿತ್ತು. ಆ ನಾಲ್ಕು ನಿಮಿಷ ಪೂರ್ತಿ ಕೇಳಿದ್ದರೆ ಆ ಕೈ ಅಷ್ಟು ಮೃದುವಾಗಿ ಇರುತ್ತಿರಲಿಲ್ಲ. ಕತ್ತರಿಸಿದ್ದು ಅವಳಲ್ಲ. ಅದನ್ನು ಅವರು ಹೊರಗೆ ಹೇಳಲಿಲ್ಲ.

"ಮೂಸಕುಂಞಿಯವರೇ, ನೀವು ಸುಳ್ಳು ಹೇಳುವ ಜನ ಅಲ್ಲ. ಆದರೂ ಹೇಳಿದಿರಿ, ಕಳಿಸಿದವರನ್ನು ಕಾಪಾಡಲಿಕ್ಕೆ. ಈ ಮೊಬೈಲಿನ ಲಾಕ್ ಗೊತ್ತಿರುವವರು, ಧ್ವನಿ ಕತ್ತರಿಸಲಿಕ್ಕೆ ಬರುವವರು, ನೀವು ಕಾಪಾಡುವವರು. ಮೂರೂ ಒಬ್ಬಳೇ." ತ್ಯಾಂಪಣ್ಣ ತಿರುಗಿದರು. "ಜುಮಾನಾ."

ಹುಡುಗಿ ಅಡುಗೆಕೋಣೆಯ ಬಾಗಿಲಲ್ಲಿದ್ದಳು. ಅಲ್ಲಗಳೆಯಲಿಲ್ಲ. ಅಜ್ಜಿಯ ಮೊಬೈಲ್ ತುಂಬಿ ನಿಂತಾಗ ಖಾಲಿ ಮಾಡಲು ಕೊಟ್ಟಿದ್ದರಂತೆ. ಆಗ ಇದು ಕಿವಿಗೆ ಬಿತ್ತು. ಮೂಸಜ್ಜ ಪ್ರತಿ ಶುಕ್ರವಾರ ಆಲಂಕಾರಿನಿಂದ ಬಂದು ಅಣ್ಣನ ಕಬರಿನ ಹತ್ತಿರ ನಿಂತು ಹೋಗುವುದನ್ನು ಅವಳು ಕಾಲೇಜು ಬಸ್ಸಿನಿಂದ ಕಂಡಿದ್ದಳು.

"ಕೊನೆಗೂ ಅಣ್ಣನ ಸಿಟ್ಟು ಇಳಿಯಲಿಲ್ಲ ಅಂತ ಒಮ್ಮೆ ನನ್ನ ಹತ್ತಿರ ಹೇಳಿದ್ರು," ಎಂದಳು. "ಅಜ್ಜಿಯನ್ನು ಕೇಳಿದ್ರೆ ಬೇಡ ಅಂತಿದ್ರು. ಅವರಿಗೆ ಒಬ್ಬರಿಗೆ ಗೊತ್ತಾದ್ರೆ ಸಾಕು ಅಂತ ಕಳಿಸಿದೆ. ಹೀಗೆ ಊರಿಡೀ ಆದ ಮೇಲೆ ಹೇಳ್ಲಿಕ್ಕೆ ಹೆದರಿಕೆ ಆಯ್ತು."

"ಈ ಹುಡುಗನ ಫೋಟೋ ತಿರುಗುವಾಗಲೂ?"

ಅವಳು ತಲೆ ತಗ್ಗಿಸಿದಳು. ಕಣ್ಣೀರು ಇಳಿಯಿತು. ತ್ಯಾಂಪಣ್ಣ ಮತ್ತೆ ಕೇಳಲಿಲ್ಲ.

ಜಾಸಿರ್ ಎದ್ದು ಹೋಗಿ ಹರಿಪ್ರಸಾದನ ಕೈ ಹಿಡಿದ. ಇಬ್ಬರೂ ಅಂಗಳದಲ್ಲಿ ನಿಂತರು. ಸುಹೈಬ್ ವೀಡಿಯೋ ತೆಗೆದ. ತಪ್ಪು ನಮ್ಮದು, ಇವನದಲ್ಲ ಎಂದು ಜಾಸಿರ್ ಹೇಳಿದ. ಮೊದಲಿನ ಫೋಟೋ ಹೋದ ಗ್ರೂಪುಗಳಿಗೆಲ್ಲ ಅದನ್ನು ಕಳಿಸಿದರು. ಫೋಟೋವನ್ನು ಮುಂದಕ್ಕೆ ದಾಟಿಸಿದ್ದ ಎಷ್ಟೋ ಕೈಗಳು ವೀಡಿಯೋವನ್ನು ದಾಟಿಸಲಿಲ್ಲ. ಹರಿಪ್ರಸಾದ್ ಬಸ್ಸಿಗೆ ಮರಳಲು ಮತ್ತೆ ಹನ್ನೊಂದು ದಿನ ಹಿಡಿಯಿತು. ಈಗಲೂ ಕೆಲವರು ಟಿಕೆಟ್ ತೆಗೆದುಕೊಳ್ಳುವಾಗ ಅವನ ಮುಖವನ್ನು ಎರಡನೇ ಸಲ ನೋಡುತ್ತಾರಂತೆ.

ಅದೆಲ್ಲ ಆಮೇಲಿನದು. ಆ ಬೆಳಿಗ್ಗೆ ಉಳಿದವರು ಅಂಗಳದಲ್ಲಿದ್ದಾಗ ಒಳಕೋಣೆಯಿಂದ ಬೀಫಾತುಮ್ಮ ಗೋಡೆ ಹಿಡಿದುಕೊಂಡು ಹೊರಬಂದರು. ಏಳು ದಿನದಲ್ಲಿ ಮೊದಲ ಸಲ. ಮೂಸಕುಂಞಿ ಎದ್ದು ನಿಂತರು. ತ್ಯಾಂಪಣ್ಣ ಹೊರಡಲು ನೋಡಿದಾಗ ಆಕೆ ಬೇಡವೆಂದು ಕೈ ಆಡಿಸಿದರು.

"ಯಾಕೆ ಅತ್ತಿಗೆ?" ಎಂದರು ಮೂಸಕುಂಞಿ. ಸಿಟ್ಟಿನಲ್ಲಲ್ಲ. "ಉಮ್ಮನ ದಿನ ನಾನು ಮಾಡಿದ್ದಕ್ಕೆ?"

"ಅದಲ್ಲ ಮೂಸ. ಹಾಗೆ ಹೇಳಿದ್ರೆ ಸುಲಭ." ಆಕೆ ಕುರ್ಚಿಯ ತುದಿಯಲ್ಲಿ ಕೂತರು. "ಇಪ್ಪತ್ತಾರು ವರ್ಷ ಅವರು ಅಲ್ಲಿದ್ರು. ಇಲ್ಲಿಗೆ ಬಂದ ಮೇಲೂ ನೆಂಟರು, ಮಸೀದಿ, ಮಕ್ಕಳು. ಆ ದಿನ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನೀವು ಬಂದಿದ್ರೆ ಅವರು ನಿಮ್ಮ ಕೈ ಹಿಡಿತಿದ್ರು. ಆ ಒಂದು ಗಂಟೆ ನನಗೆ ಬೇಕಿತ್ತು. ಅಷ್ಟೇ."

ಮೂಸಕುಂಞಿ ಕ್ಷಮಿಸಿದೆ ಎನ್ನಲಿಲ್ಲ. ಇನ್ನೊಂದು ಕುರ್ಚಿ ಎಳೆದು ಆಕೆಯ ಎದುರಿಗೆ ಹಾಕಿಕೊಂಡು ಕೂತರು.

"ಮೊಬೈಲಿನಲ್ಲಿ ಬೇಡ," ಎಂದರು. "ಅಣ್ಣ ಎಂತ ಹೇಳಿದ್ರು, ಹೇಗೆ ಹೇಳಿದ್ರು — ನೀವೇ ಹೇಳಿ."

ಬೀಫಾತುಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲಿನಿಂದ ಹೇಳತೊಡಗಿದರು.