ಕಡೆಯ ಬೆಂಚಿನಿಂದ ಎದ್ದ ಕೈ

ಓಝೋನಿಗೆ ತೂತು ಬಿದ್ದದ್ದಕ್ಕೇ ಬಿಸಿಲು ಹೆಚ್ಚಾಗಿದೆ ಎಂದು ಗಲಗಲಿ ಹೈಸ್ಕೂಲಿನ ಒಂಬತ್ತನೇ ಕ್ಲಾಸಿನ ಅರ್ಧ ಮಂದಿ ನಂಬಿದ್ದರು. ಉಳಿದವರು, ಅಲ್ಲ, ಡ್ಯಾಮಿನ ಹಿನ್ನೀರೇ ಕಾರಣ ಎನ್ನುತ್ತಿದ್ದರು. ಕಡೆಯ ಬೆಂಚಿನಲ್ಲಿ ಕುಳಿತ ಈಶ್ವರನ ಮನಸ್ಸಿನಲ್ಲೇನಿದೆ ಎಂಬುದೊಂದೇ ಅಕ್ಷತಾಳಿಗೆ ಬೇಕಾಗಿದ್ದದ್ದು.

ಇಬ್ಬರೂ ಜಮಖಂಡಿಯಲ್ಲಿ ಬಿ.ಎಡ್. ಓದುವವರು. ಪಾಠ ಮಾಡಿ ಕಲಿಯಲೆಂದು ಈ ಶಾಲೆಗೆ ಬಂದು ತಿಂಗಳಾಗುತ್ತ ಬಂದಿತ್ತು. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಹಿಂದೆ ಕುಳಿತು ನೋಡಬೇಕು, ತಪ್ಪು ಬರೆದುಕೊಳ್ಳಬೇಕು. ಈಶ್ವರ ನೋಡುವುದನ್ನಷ್ಟೇ ಮಾಡುತ್ತಿದ್ದ. ಅವಳು ಬೋರ್ಡಿನ ಕಡೆ ತಿರುಗಿದರೆ ಬೆನ್ನಿಗೆಲ್ಲ ಆ ನೋಟ ತಾಕುತ್ತಿತ್ತು. ಥಟ್ಟನೆ ಹೊರಳಿದರೆ ಅವನು ಕಿಟಕಿಯಾಚೆಯ ಬೇವಿನ ಮರ ನೋಡುತ್ತಿರುತ್ತಿದ್ದ, ಪಾಠ ನಡೆದಿರುವುದೇ ಅಲ್ಲಿ ಎಂಬಂತೆ.

ಇವತ್ತು ಶುಕ್ರವಾರ, ಕೊನೆಯ ಪಾಠ. ನಾಡಿದ್ದು ಐತವಾರ ಮುಧೋಳದಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅದನ್ನವಳು ಬುಧವಾರವೇ ಅವನಿಗೆ ಹೇಳಿದ್ದಳು. ಅವನು "ಹೌದನ್ರಿ?" ಅಂದ. ಅಷ್ಟೇ. ಆ ಒಂದು ಮಾತನ್ನು ಹೊತ್ತುಕೊಂಡು ಅವಳು ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದಳು.

"ಟೀಚರ್," ಮುಂದಿನ ಸಾಲಿನ ರೇಷ್ಮಾ ಎದ್ದು ನಿಂತಳು. "ಹಿನ್ನೀರು ಬರೂಕಿಂತ ಮೊದಲ ಇಷ್ಟ ಮಂಜ ಬೀಳ್ತಿರಲಿಲ್ಲಂತ್ರಿ. ನಮ್ಮ ಆಯಿ ಹೇಳ್ಯಾಳ. ಆಯಿ ಸುಳ್ಳ ಹೇಳ್ತಾಳೇನ್ರಿ?"

ಅಜ್ಜಿಯ ಮಾತು ಬಂದದ್ದಕ್ಕೆ ಅಕ್ಷತಾ ನಕ್ಕಳು. "ಆಯಿ ಕಂಡದ್ದನ್ನ ಹೇಳ್ಯಾಳ. ಅಷ್ಟ ನೀರು ನಿಂತ್ರ ಸುತ್ತಲಿನ ಹವಾ ಒಂದೀಟು ಬದಲಾಗ್ತೈತಿ. ಆದ್ರ ಇಡೀ ಭೂಮಿ ಬಿಸಿ ಆಗೂದಕ್ಕ ನಮ್ಮ ಹಿನ್ನೀರು ಕಾರಣಲ್ಲ."

"ಮತ್ತ ಓಝೋನ್ ತೂತರಿ?"

"ಅದು ಬ್ಯಾರೆ ಸುದ್ದಿ. ಕಲ್ಲಿದ್ದಲು, ಡೀಸೆಲ್ ಸುಡ್ತೀವಲ್ಲ, ಆ ಗ್ಯಾಸು ಭೂಮಿಗೆ ಕೌದಿ ಹೊಚ್ಚಿದಂಗ ಆಗೇತಿ. ಸೆಕಿ ಹೊರಗ ಹೋಗವಲ್ದು."

"ರವದಿ ಸುಟ್ರರಿ?"

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಸೋಗೆಯೇ ರವದಿ. ಕಡ್ಡಿ ಗೀರಿದರೆ ಹೊಲ ಸಾಫು. ಆ ಕ್ಲಾಸಿನಲ್ಲಿ ಅದನ್ನು ಸುಡದ ಮನೆಯಿರಲಿಲ್ಲ.

"ಆ ಹೊಗಿನೂ ಛಲೋ ಅಲ್ಲ. ಮಣ್ಣಿನ ಸತ್ವಾನೂ ಸುಟ್ಟು ಹೋಗ್ತೈತಿ. ಸುಡಬ್ಯಾಡ್ರಿ ಅಂತ ಮನ್ಯಾಗ ಯಾರ್ಯಾರು ಹೇಳ್ತೀರಿ? ಕೈ ಎತ್ತರಿ."

ಎಲ್ಲ ಕೈಗಳೂ ಎದ್ದವು. ಕಡೆಯ ಬೆಂಚಿನಿಂದ ಉದ್ದನೆಯ ಕೈಯೊಂದೂ ಎದ್ದಿತು. ಮಕ್ಕಳು ಹೊರಳಿ ನೋಡಿ ಹೋ ಎಂದರು. ಅವತ್ತು ಅವನು ಬೇವಿನ ಮರ ಬಿಟ್ಟು ಅವಳನ್ನೇ, ಕಣ್ಣು ಕದಲಿಸದೆ ನೋಡಿದ. ಅಕ್ಷತಾ ಬೋರ್ಡಿನ ಮೇಲೆ ಏನೂ ಬರೆಯದ ಜಾಗವನ್ನು ಒರೆಸತೊಡಗಿದಳು.

ಸಂಜೆಯ ಬಸ್ಸಿನಲ್ಲಿ ಅವನು ಅವಳ ಹಿಂದಿನ ಸೀಟಿನಲ್ಲಿದ್ದ. ಅವನ ಊರು ಹುನ್ನೂರು ಹತ್ತಿರವಾಗುತ್ತಿದ್ದಂತೆ ಕಿಟಕಿಗಳಿಂದ ಹೊಗೆ ನುಗ್ಗಿತು. ರಸ್ತೆಯ ಪಕ್ಕದ ಹೊಲ ಚಟಚಟ ಉರಿಯುತ್ತಿತ್ತು.

"ಈಶ್ವರಾ, ನಿಮ್ಮಪ್ಪ ಶಿದ್ರಾಮಪ್ಪ ಇವತ್ತ ಕಡ್ಡಿ ಗೀರ್ಯಾನ ನೋಡಪಾ," ಎಂದಳು ಅದೇ ಊರಿನ ಅನಸವ್ವ, ಸೆರಗಿನಿಂದ ಮೂಗು ಮುಚ್ಚಿಕೊಂಡು.

ಅಕ್ಷತಾ ಹೊರಳಿದಳು. "ನಿಮ್ಮ ಹೊಲಾನ ಇದು?"

"ಹೂಂರಿ."

"ಇವತ್ತ ಸುಡ್ತಾರಂತ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ರಿ."

"ಮತ್ತ ಕೈ ಎತ್ತಿದ್ರಿ!"

"ನೀವು ಹೇಳಿದ್ದು ಖರೆ ಅಂತ ಎತ್ತಿದ್ನಿ." ಅವನ ಕಿವಿಗಳು ಕೆಂಪಾಗಿದ್ದವು. "ಅಪ್ಪನ ಮುಂದ ನಿಂತ್ರ ಬಾಯಾಗಿನ ಮಾತು ಬಾಯಾಗ ಉಳೀತಾವರಿ. ಗೊತ್ತಿದ್ದದ್ದೆಲ್ಲ ಹೇಳಾಕ ಆಗ್ತೈತೇನು?"

ಎರಡು ದಿನದ ಒದ್ದಾಟವೆಲ್ಲ ಅವಳ ನಾಲಿಗೆಗೆ ಬಂತು. "ಕಬ್ಬಿನ ಸೋಗಿ ಸುದ್ದಿ ಹೇಳಾಕ ಆಗದವ, ಇನ್ನೊಂದು ಸುದ್ದಿ ಅಪ್ಪಗ ಹೆಂಗ ಹೇಳ್ತೀ?"

"ಯಾವ ಸುದ್ದಿ?"

"ಬೇವಿನ ಮರದ ಸುದ್ದಿ!"

ಅನಸವ್ವ ಇಬ್ಬರನ್ನೂ ನೋಡಿ, ಬೇಕೆಂದೇ ಆ ಕಡೆ ಮುಖ ಮಾಡಿದಳು. ಬಸ್ಸು ನಿಂತಿತು. ಈಶ್ವರ ಇಳಿಯುತ್ತ, "ಐತವಾರ ಅವರು ಎಷ್ಟೊತ್ತಿಗೆ ಬರ್ತಾರ?" ಎಂದು ಕೇಳಿದ.

"ಊಟದ ಹೊತ್ತಿಗೆ," ಎಂದಳು. ಕಣ್ಣಲ್ಲಿ ನೀರಿತ್ತು. ಹೊಗೆ ಇತ್ತಲ್ಲ, ಯಾರೂ ಕೇಳಲಿಲ್ಲ.

ಶನಿವಾರವಿಡೀ ಅವಳು ಜಮಖಂಡಿಯ ಮನೆಯಲ್ಲಿ ಸುತ್ತಿದ್ದೇ ಸುತ್ತಿದ್ದು. ಮಡಚಿಟ್ಟ ಬಟ್ಟೆಗಳನ್ನು ಬಿಚ್ಚಿ ಮತ್ತೆ ಮಡಚಿದಳು. ಫೋನು ಸುಮ್ಮನಿತ್ತು. ಚಾರ್ಜ್ ಇದೆಯೋ ಇಲ್ಲವೋ ಎಂದು ನೋಡಿದಳು, ಇತ್ತು.

"ಚಾ ಉಕ್ಕಿ ಒಲಿ ಪಾಲಾತು. ಎಲ್ಲೈತಿ ನಿನ್ನ ಲಕ್ಷ್ಯ?" ಎಂದರು ತಾಯಿ ಸಾವಿತ್ರೆವ್ವ. ಆಮೇಲೆ ಮೆಲ್ಲಗೆ, "ಯಾರಂತ ನಾ ಕೇಳೂದಿಲ್ಲ. ಮನಿಗೆ ಬಂದು ಕೇಳಿದ್ರ ವಿಚಾರ ಮಾಡೂಣು. ಬರದ ಇದ್ದವರಿಗೆ ಮಗಳನ್ನ ಹೆಂಗ ಕೊಡೂದವಾ?" ಎಂದರು.

ಹೊತ್ತು ಇಳಿಯುವಾಗ ಫೋನು ಬಡಿಯಿತು. ಅಕ್ಷತಾ ಮಾಳಿಗೆಗೆ ಓಡಿದಳು.

"ಹೇಳೇನಿ," ಎಂದ ಈಶ್ವರ.

"ಯಾವುದನ್ನ?"

"ರವದಿ ಸುದ್ದಿ ಮೊದಲ ತಗದ್ನಿ, ಧೈರ್ಯ ಬರ್ಲಿ ಅಂತ. ಅಪ್ಪ ಭಾರಿ ಸಿಟ್ಟಿಗೆದ್ದ. ಇದನ್ನ ನಿನಗ ಯಾರು ಕಲಿಸ್ಯಾರಲೇ ಅಂದ. ನಿನ್ನ ಹೆಸರು ಹೇಳಿದ್ನಿ. ಆಕಿ ಯಾರ ಪೈಕಿ, ಆಕಿ ಮಾತು ನಿನಗ್ಯಾಕ ಇಷ್ಟ ಹತ್ತೈತಿ ಅಂದ." ಅವನು ಉಸಿರು ತೆಗೆದುಕೊಂಡ. "ಅದನ್ನೂ ಹೇಳಿದ್ನಿ."

ಅವಳು ಕಟ್ಟೆಯನ್ನು ಹಿಡಿದುಕೊಂಡಳು. "ಮುಂದ?"

"ಇದನ್ನ ಮೊದಲ ಹೇಳಾಕ ಏನಾಗಿತ್ತಲೇ ಅಂದ. ಅವ್ವನ್ನ ಕರದ. ನಾಳೆ ಮುಧೋಳದವರು ಬರೂಕಿಂತ ಮೊದಲ ನಾವು ಹೋಗೂಣ, ತಲಿಗೆ ಸುತ್ತಾಕ ಹೊಸ ಪಟಕಾ ತಗದಿಡು ಅಂದ. ಮುಂಜಾನೆದ್ದು ಬರ್ತೀವಿ ಅಕ್ಷತಾ."

ಬಿಸಿಲು ಹೋದರೂ ಮಾಳಿಗೆಯ ನೆಲ ಬೆಚ್ಚಗಿತ್ತು. ಅವಳಿಗೆ ನಗು ಬಂತು, ಅಳುವೂ ಬಂತು, ಯಾವುದಕ್ಕೂ ಜಾಗ ಸಾಲಲಿಲ್ಲ.

"ಮತ್ತ ರವದಿ?"

"ಅದರಾಗ ಸೋತ್ನಿ. ಹಳ್ಳದ ಕಡೆ ಇನ್ನೊಂದು ಹೊಲ ಐತಿ. ಅದನ್ನೂ ಸುಡಾವನ ಅಂತಾನ."

"ನೀ ಬಿಡು," ಎಂದಳು ಅಕ್ಷತಾ. "ಮಾವಗ ನಾ ಹೇಳ್ತೀನಿ."



"ಯಾರಿಗಂದಿ?" ಅವನ ದನಿ ತೀರ ಮೆತ್ತಗಾಗಿತ್ತು. "ಇನ್ನೊಮ್ಮೆ ಅನ್ನು."

"ಅವ್ವ ಕರ್ಯಾಕತ್ತಾಳ," ಎಂದಳು.

ಕೆಳಗಿನಿಂದ ಯಾರೂ ಕರೆದಿರಲಿಲ್ಲ. ಅವಳು ಫೋನನ್ನೂ ಇಡಲಿಲ್ಲ.